ತಮ್ಮನ ಟ್ರಾಲ್ ಬೋಟು, ಮಗಳ ಸಿಟ್ಟು ಮತ್ತು ಕಡಲಾಮೆ

ಪ್ರಶ್ನೆ: ನಾವು ಗಂಗೊಳ್ಳಿ ಕಡೆಯವರು. ಈಗ ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ನನ್ನ ತಮ್ಮ ಊರಲ್ಲಿ ಟ್ರಾಲ್ ಬೋಟು (ನೀರಡಿಯಲ್ಲಿ ಬಲೆ ಎಳೆದುಕೊಂಡು ಹೋಗುವ ಬೋಟು) ಇಟ್ಟುಕೊಂಡಿದ್ದಾನೆ. ಅದರ ಸಾಲಕ್ಕೆ ಜಾಮೀನು ನಾನೇ. 2025ರ ಜನವರಿಯಲ್ಲಿ ನನ್ನ ಮಗಳು ಗೆಳತಿಯರ ಜೊತೆ ಚೆನ್ನೈಗೆ ಹೋಗಿ, ಬೀಚಿನಲ್ಲಿ ಸತ್ತುಬಿದ್ದ ಕಡಲಾಮೆಗಳನ್ನು ನೋಡಿ ಬಂದಳು. ಅವತ್ತಿನಿಂದ ಚಿಕ್ಕಪ್ಪ ಕಳಿಸುವ ಮೀನು ಮುಟ್ಟುತ್ತಿಲ್ಲ. ‘ಬಲೆಗೆ ಟೆಡ್ (ಆಮೆಯನ್ನು ಹೊರಗೆ ಬಿಡುವ ಜಾಲರಿ) ಹಾಕಿಸ್ಲಿ, ಇಲ್ಲಾಂದ್ರೆ ಬೋಟು ಮಾರ್ಲಿ’ ಅಂತಾಳೆ. ತಮ್ಮ ಹೇಳುವುದೇ ಬೇರೆ. ‘ಟೆಡ್ ಹಾಕಿದ್ರೆ ಅರ್ಧ ಮೀನು ಹೊರಗೆ ಹೋಗುತ್ತೆ. ಮಳೆಗಾಲದಲ್ಲಿ ಎರಡು ತಿಂಗಳು ಬೋಟು ನಿಲ್ಲಿಸ್ತೀವಲ್ಲ, ಸಾಲ್ದಾ? ಒಡಿಶಾದಲ್ಲಿ ಲಕ್ಷಗಟ್ಟಲೆ ಆಮೆ ಬರುತ್ತಂತೆ, ನಮ್ಮಿಂದ ಏನು ಕಮ್ಮಿಯಾಗುತ್ತೆ?’ ಅಂತಾನೆ. ಇಬ್ಬರಲ್ಲಿ ಯಾರು ಸರಿ? ನಾನು ತಮ್ಮನಿಗೆ ಏನು ಹೇಳಲಿ? ಮನೆಯಲ್ಲಿ ಮೀನು ತಿನ್ನಬಹುದಾ, ಬಿಡಬೇಕಾ?

ಉತ್ತರ: ನಿಮ್ಮ ಮಗಳು ನೋಡಿದ್ದು ನಿಜ. ಆ ಜನವರಿಯಲ್ಲಿ ಚೆನ್ನೈ, ಚೆಂಗಲ್‌ಪಟ್ಟು ಕರಾವಳಿಗೆ ನೂರಾರು ಆಲಿವ್ ರಿಡ್ಲಿ ಆಮೆಗಳು ಸತ್ತು ತೇಲಿಬಂದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ನಿಮ್ಮ ತಮ್ಮನ ಮಾತಿನಲ್ಲೂ ಹುರುಳಿದೆ. ತೊಂದರೆ ಏನಂದರೆ ಇಬ್ಬರೂ ಬೇರೆ ಬೇರೆ ಸಮುದ್ರದ ಲೆಕ್ಕ ಹಿಡಿದು ಜಗಳ ಆಡುತ್ತಿದ್ದಾರೆ. ಮಗಳು ಪೂರ್ವ ಕರಾವಳಿಯ ಚಿತ್ರವನ್ನು ಹಾಗೇ ತಂದು ಗಂಗೊಳ್ಳಿಗೆ ಹಚ್ಚುತ್ತಿದ್ದಾಳೆ. ತಮ್ಮ ಒಡಿಶಾದ ಸಂಖ್ಯೆಯನ್ನು ತನ್ನ ಬೋಟಿಗೆ ಗುರಾಣಿ ಮಾಡಿಕೊಂಡಿದ್ದಾನೆ.

ನಾನು ಹೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಆಮೆಗೂ ಮೀನುಗಾರನಿಗೂ ನಡುವಿನ ಜಗಳ ಅಲ್ಲ. ಯಾವ ಬಲೆ, ಯಾವ ತಿಂಗಳು, ದಡದಿಂದ ಎಷ್ಟು ದೂರ, ಒಂದು ಎಳೆತ ಎಷ್ಟು ಹೊತ್ತು ಅನ್ನುವ ಲೆಕ್ಕ. ಆಮೇಲೆ, ಬದಲಾವಣೆಯ ಖರ್ಚು ಯಾರ ಜೇಬಿನಿಂದ ಅನ್ನುವ ಲೆಕ್ಕ. ಈ ಎರಡನೆಯದನ್ನು ಬಿಟ್ಟು ಮಾತಾಡುವವರು ನಮ್ಮ ಬೆಂಗಳೂರಿನಲ್ಲಿ ಜಾಸ್ತಿ. ಸಮುದ್ರವೇ ಇಲ್ಲದ ಈ ಊರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ದಕ್ಷಿಣ್ ಫೌಂಡೇಶನ್ ಅಂಥ ಕಡೆ ಕಡಲಾಮೆಯ ಮೇಲೆ ಒಳ್ಳೆಯ ಕೆಲಸ ನಡೆದಿದೆ, ಅದು ಬೇರೆ ಮಾತು. ಆದರೆ ವಾರಾಂತ್ಯಕ್ಕೆ ಬೀಚಿಗೆ ಹೋಗಿ ಬಂದವರು ಬಂದರಿನ ಸಾಲದ ಪುಸ್ತಕ ನೋಡಿರುವುದಿಲ್ಲ.

ಮೊದಲು ಆಮೆ ಸಾಯುವುದು ಹೇಗೆ ಅಂತ ನೋಡೋಣ. ಬಲೆಗೆ ಬಿದ್ದ ಆಮೆಯನ್ನು ಮೀನುಗಾರ ಹೊಡೆದು ಕೊಲ್ಲುತ್ತಾನೆ ಅಂತ ನಗರದಲ್ಲಿ ಅನೇಕರು ಅಂದುಕೊಂಡಿದ್ದಾರೆ. ಹಾಗಲ್ಲ. ನಮ್ಮ ಕರಾವಳಿಯಲ್ಲಿ ಆಮೆಯನ್ನು ದೇವರೆಂದು ಕೈಮುಗಿಯುವವರು ತುಂಬ ಜನ. ಆಮೆ ಸಿಕ್ಕರೆ ಅವರಿಗೆ ಬಲೆ ಹರಿಯುವ ನಷ್ಟ, ಮೇಲೆ ಕೇಸಿನ ಭಯ. ಆಮೆ ಸಾಯುವುದು ಉಸಿರುಕಟ್ಟಿ. ಅದಕ್ಕೆ ಇರುವುದು ಶ್ವಾಸಕೋಶ, ಗಾಳಿಗೆ ಮೇಲೆ ಬರಲೇಬೇಕು. ಸುಮ್ನೆ ಇದ್ದಾಗ ತುಂಬ ಹೊತ್ತು ಮುಳುಗಿರಬಲ್ಲದು. ಬಲೆಯಲ್ಲಿ ಸಿಕ್ಕಿ ಒದ್ದಾಡಿದಾಗ ಒಳಗಿದ್ದ ಗಾಳಿ ಬೇಗ ಮುಗಿಯುತ್ತದೆ. ಟ್ರಾಲ್ ಬಲೆಯನ್ನು ಎರಡು ಮೂರು ಗಂಟೆ ಎಳೆದರೆ, ಮೊದಲ ಅರ್ಧ ಗಂಟೆಯಲ್ಲಿ ಒಳಗೆ ಹೋದ ಆಮೆ ಬದುಕಿ ಮೇಲೆ ಬರುವ ಸಾಧ್ಯತೆ ತೀರಾ ಕಡಿಮೆ.

ಇದಕ್ಕೆ ಕಾಲವೂ ಸೇರಿಕೊಳ್ಳುತ್ತದೆ. ಆಲಿವ್ ರಿಡ್ಲಿಗಳು ಮಿಲನಕ್ಕೂ ಮೊಟ್ಟೆ ಇಡುವುದಕ್ಕೂ ದಡದ ಹತ್ತಿರ ಸೇರುವುದು ಹೆಚ್ಚುಕಡಿಮೆ ನವೆಂಬರಿನಿಂದ ಮಾರ್ಚ್‌ವರೆಗೆ. ಅದೇ ತಿಂಗಳುಗಳಲ್ಲಿ ಸಮುದ್ರ ಶಾಂತ, ಬೋಟುಗಳೆಲ್ಲ ನೀರಲ್ಲಿ, ಸಿಗಡಿಗೆ ದಡದ ಹತ್ತಿರವೇ ಬಲೆ. ಆಮೆಯೂ ಬಲೆಯೂ ದಡದ ಪಕ್ಕದ ಒಂದೇ ನೀರಿನಲ್ಲಿ ಎದುರುಬದುರು.

ಹಾಗಾಗಿ ‘ಮಳೆಗಾಲದಲ್ಲಿ ನಿಲ್ಲಿಸ್ತೀವಲ್ಲ’ ಅನ್ನುವ ಮಾತು ಆಮೆಯ ಲೆಕ್ಕಕ್ಕೆ ಬರುವುದಿಲ್ಲ. ಪಶ್ಚಿಮ ಕರಾವಳಿಯ 61 ದಿನದ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಅದು ಮೀನಿನ ಸಂತಾನಕ್ಕಾಗಿ ಮಾಡಿದ್ದು, ಮೀನಿಗೆ ಅದು ಬೇಕು. ಆದರೆ ಆ ಹೊತ್ತಿಗೆ ಆಮೆಯ ಮೊಟ್ಟೆ ಒಡೆದು ಮರಿ ಸಮುದ್ರ ಸೇರಿ ಆಗಿರುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅದೂ ತಡವೇ. ಚೆನ್ನೈಯಲ್ಲಿ ಆಮೆ ಸತ್ತದ್ದು ಜನವರಿಯಲ್ಲಿ, ಅಲ್ವಾ?

ಒಡಿಶಾದ ಲಕ್ಷದ ಮಾತಿಗೆ ಬರೋಣ. ಹೌದು, 2025ರಲ್ಲಿ ರುಷಿಕುಲ್ಯಾ ತೀರವೊಂದರಲ್ಲೇ ಸುಮಾರು 7 ಲಕ್ಷ ಆಮೆಗಳು ಮೊಟ್ಟೆಯಿಟ್ಟವು ಅನ್ನುವುದು ಸರ್ಕಾರದ ಅಂದಾಜು. ಕೇಳೋಕೆ ದೊಡ್ಡ ಸಂಖ್ಯೆ. ಆದರೆ ಕೆಲವು ವರ್ಷ ಅಲ್ಲಿ ಸಾಮೂಹಿಕವಾಗಿ ಮೊಟ್ಟೆ ಇಡುವುದೇ ನಡೆಯುವುದಿಲ್ಲ. ಆಮೆ ಮೊಟ್ಟೆ ಇಡುವ ವಯಸ್ಸಿಗೆ ಬರಲು ಹತ್ತಕ್ಕೂ ಹೆಚ್ಚು ವರ್ಷ ಬೇಕು. ಇವತ್ತು ದಡಕ್ಕೆ ಬಂದ ಹೆಣ್ಣಾಮೆಗಳು ಹಿಂದಿನ ದಶಕಗಳಲ್ಲಿ ಯಾರೋ ಕಾದ ಮೊಟ್ಟೆಯಿಂದ ಬಂದವು. 1970ರ ದಶಕದಲ್ಲಿ ಒಡಿಶಾದಿಂದ ಜೀವಂತ ಆಮೆಗಳನ್ನು ರೈಲಿನಲ್ಲಿ ಕೋಲ್ಕತ್ತಾಕ್ಕೆ ಸಾಗಿಸುತ್ತಿದ್ದರು. ಆ ವ್ಯಾಪಾರ ನಿಂತ ಮೇಲೆ ಟ್ರಾಲ್ ಬಲೆಯ ಸಾವು ಶುರುವಾಯಿತು. 1990ರ ದಶಕದ ಕೊನೆಯ ಹೊತ್ತಿಗೆ ಒಡಿಶಾ ತೀರಕ್ಕೆ ವರ್ಷಕ್ಕೆ 10 ಸಾವಿರಕ್ಕೂ ಜಾಸ್ತಿ ಸತ್ತ ಆಮೆಗಳು ಬರುತ್ತಿದ್ದವು. ಸಾಯುವವುಗಳಲ್ಲಿ ದೊಡ್ಡ ಭಾಗ ಮೊಟ್ಟೆ ಇಡುವ ವಯಸ್ಸಿನವು. ಮರಿ ಸತ್ತರೆ ಹೋಗುವುದು ಕಡಿಮೆ, ಸಾವಿರದಲ್ಲಿ ಒಂದೋ ಎರಡೋ ಮಾತ್ರ ದೊಡ್ಡದಾಗುವುದು ಹೇಗೂ. ದೊಡ್ಡ ಹೆಣ್ಣು ಸತ್ತರೆ ಮುಂದಿನ ಎಷ್ಟೋ ವರ್ಷಗಳ ಗೂಡುಗಳು ಒಟ್ಟಿಗೆ ಹೋದ ಹಾಗೆ. ಇವತ್ತಿನ ಲಕ್ಷ ನೋಡಿ ಇವತ್ತಿನ ಬಲೆ ಸರಿಯಿದೆ ಅಂತ ಹೇಳಲಾಗದು. ಬಲೆಯ ಪರಿಣಾಮ ಗೊತ್ತಾಗುವುದು ನಿಧಾನಕ್ಕೆ.

ಬಂದರಿನಲ್ಲಿ ಕೇಳಿಬರುವ ಇನ್ನೊಂದು ಮಾತಿದೆ, ನಿಮ್ಮ ತಮ್ಮ ಹೇಳಿಲ್ಲ. ‘ಆಮೆ ನಮ್ಮ ಮೀನು ತಿಂದು ಮುಗಿಸುತ್ತೆ’ ಅಂತ. ಆಲಿವ್ ರಿಡ್ಲಿಯ ವಿಷಯದಲ್ಲಿ ಇದು ನಿಲ್ಲುವುದಿಲ್ಲ. ಅದು ತಿನ್ನುವುದು ಹೆಚ್ಚಾಗಿ ಏಡಿ, ಸಿಗಡಿ, ಲೋಳೆಮೀನು, ಶಂಖದ ಹುಳ. ಬೂತಾಯಿ, ಬಂಗುಡೆ ಕಡಿಮೆಯಾದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಲಕ್ಷದ್ವೀಪದ ಅಗತ್ತಿಯಲ್ಲಿ ಮೀನುಗಾರರು ಇದೇ ದೂರು ಹಸಿರು ಆಮೆಯ ಮೇಲೆ ಹೇಳಿದಾಗ, ಅದು ಸುಳ್ಳಾಗಿರಲಿಲ್ಲ. ಅಲ್ಲಿ ಆಮೆಗಳು ಕಡಲಹುಲ್ಲನ್ನು ಬುಡದವರೆಗೆ ಮೇಯ್ದವು, ಹುಲ್ಲಿನಲ್ಲಿ ಬೆಳೆಯುವ ಮೀನೂ ಕಡಿಮೆಯಾಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಲ್ಲಿ ಕೆಲಸ ಮಾಡಿ ಇದನ್ನು ತೋರಿಸಿದ್ದಾರೆ. ಮೀನುಗಾರನ ಮಾತನ್ನು ಮೂಢನಂಬಿಕೆ ಅಂತ ತಳ್ಳಿಹಾಕುವವರಿಗೆ ನಾನು ಈ ಕಥೆ ಹೇಳುವುದುಂಟು. ಯಾವ ಆಮೆ, ಯಾವ ಜಾಗ ಅಂತ ಕೇಳದೆ ಉತ್ತರ ಕೊಡಲು ಬರುವುದಿಲ್ಲ.

ಈಗ ಟೆಡ್. ಪೂರ್ತಿ ಹೆಸರು ಟರ್ಟಲ್ ಎಕ್ಸ್‌ಕ್ಲೂಡರ್ ಡಿವೈಸ್. ಟ್ರಾಲ್ ಬಲೆಯ ಕೊರಳಲ್ಲಿ, ಮೀನು ತುಂಬುವ ತುದಿಚೀಲಕ್ಕೆ ಮುಂಚೆ, ಓರೆಯಾಗಿ ಕೂರಿಸುವ ಲೋಹದ ಜಾಲರಿ. ಕಿಟಕಿ ಸರಳಿನ ಹಾಗೆ ಅಂದುಕೊಳ್ಳಿ. ಸಿಗಡಿ, ಸಣ್ಣ ಮೀನು ಸರಳಿನ ನಡುವೆ ಹಾದು ಚೀಲಕ್ಕೆ ಹೋಗುತ್ತವೆ. ಆಮೆ ಸರಳಿಗೆ ತಾಗಿ ಜಾರಿ, ಮೇಲೋ ಕೆಳಗೋ ಇರುವ ಬಾಗಿಲಿನಿಂದ ಆಚೆ ಹೋಗುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವಂಥದ್ದನ್ನು ಮಾಡಿದೆ.

ಅರ್ಧ ಮೀನು ಹೋಗುತ್ತಾ? ಸರಿಯಾಗಿ ಕೂರಿಸಿದ ಟೆಡ್‌ನಲ್ಲಿ ಸಿಗಡಿಯ ನಷ್ಟ ಸಣ್ಣದು. ‘ಅರ್ಧ’ ಅನ್ನುವುದು ಎಲ್ಲಿಂದ ಬರುತ್ತದೆ ಅಂದರೆ, ಕೋನ ತಪ್ಪಿದ ಜಾಲರಿಯಿಂದ, ಇಲ್ಲವೇ ಕಸ ಕಟ್ಟಿಕೊಂಡ ಜಾಲರಿಯಿಂದ. ಹರಿದ ಬಲೆ, ಪ್ಲಾಸ್ಟಿಕ್, ಮರದ ತುಂಡು ಸರಳಿಗೆ ಅಡ್ಡ ಸಿಕ್ಕಿದರೆ ಮೀನೆಲ್ಲ ಬಾಗಿಲ ಕಡೆಗೆ ತಿರುಗಿಬಿಡುತ್ತದೆ. ಒಂದು ದಿನ ಹಾಗಾದರೆ ಸಾಕು, ತಾಂಡೇಲ (ಬೋಟು ನಡೆಸುವವನು) ಸಂಜೆಯೇ ಜಾಲರಿ ಬಿಚ್ಚಿ ಶೆಡ್ಡಿಗೆ ಎಸೆಯುತ್ತಾನೆ. ಬಂದರುಗಳಲ್ಲಿ ಟೆಡ್ ಸೋಲುವುದನ್ನು ನಾನು ಕಂಡಿರುವುದು ಹೀಗೇ. ಒಮ್ಮೆ ಬಂದು ಟೆಡ್ ಹಂಚಿ ಹೋಗುತ್ತಾರೆ, ಕೂರಿಸಲು ಕಲಿಸುವವರು ಎರಡನೇ ಸಲ ಬರುವುದಿಲ್ಲ.

ನಿಮ್ಮ ತಮ್ಮನಿಗೆ ಇನ್ನೊಂದು ನಿಜವಾದ ಅಡ್ಡಿಯೂ ಇದೆ. ನಮ್ಮ ಕಡೆಯ ಟ್ರಾಲ್ ಬೋಟುಗಳಲ್ಲಿ ತುಂಬ ಬೋಟುಗಳು ಬರೀ ಸಿಗಡಿಯನ್ನೇ ನಂಬಿಲ್ಲ. ಹಲವು ದಿನ ಆಳಕ್ಕೆ ಹೋಗಿ ರಾಣಿ ಮೀನು, ಪಾಂಬೋಲ್, ಬೊಂಡಾಸ್ ತರುತ್ತವೆ. ಟೆಡ್ ಹುಟ್ಟಿದ್ದು ಸಿಗಡಿ ಬಲೆಗೆ. ಅಮೆರಿಕದ ಮಾನದಂಡದಲ್ಲಿ ಎರಡು ಸರಳಿನ ನಡುವೆ ಹೆಚ್ಚೆಂದರೆ 4 ಇಂಚು ಅಂತರ. ಅದರಲ್ಲಿ ದೊಡ್ಡ ತೊರಕೆ, ದೊಡ್ಡ ಅಂಜಲ್ ತೂರುವುದಿಲ್ಲ, ಬಾಗಿಲಿನಿಂದ ಹೋಗುತ್ತವೆ. ದೊಡ್ಡ ಮೀನೊಂದೇ ಆ ಟ್ರಿಪ್ಪಿನ ಡೀಸೆಲ್ ದುಡ್ಡು ಆಗಿರಬಹುದು. ಆದ್ದರಿಂದ ತಮ್ಮ ‘ನಂಗೆ ನಷ್ಟ’ ಅಂದಾಗ ಸುಳ್ಳು ಅನ್ನಬೇಡಿ. ‘ಯಾವ ಮೀನಿನಲ್ಲಿ, ಯಾವ ತಿಂಗಳಲ್ಲಿ?’ ಅಂತ ಕೇಳಿ. ದಡದ ಹತ್ತಿರ ಸಿಗಡಿಗೆ ಹೋಗುವ ದಿನಗಳಲ್ಲಿ ಟೆಡ್ ಹಾಕಿ, ಆಳದ ಟ್ರಿಪ್ಪಿಗೆ ಬೇರೆ ಬಲೆ ಇಟ್ಟುಕೊಳ್ಳುವುದು ಒಂದು ದಾರಿ. ಕಾನೂನು ಬರೆಯುವವರಿಗೆ ಇಂಥ ಅರ್ಧ ಉತ್ತರ ಇಷ್ಟವಾಗುವುದಿಲ್ಲ, ತಪಾಸಣೆ ಕಷ್ಟ ಅಂತಾರೆ. ಆದರೆ ಬೋಟಿನವರು ಒಪ್ಪಿ ಮಾಡುವ ಅರ್ಧ, ಶೆಡ್ಡಿನಲ್ಲಿ ತುಕ್ಕು ಹಿಡಿಯುವ ಪೂರ್ತಿಗಿಂತ ವಾಸಿ ಅಂತ ನನ್ನ ಅಭಿಪ್ರಾಯ.

ಖರ್ಚಿಗೆ ದಾರಿ ಇದೆ. ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಟೆಡ್‌ಗೆ ನೆರವು ಇಟ್ಟಿದ್ದರು. ಈಗ ಸಿಗುತ್ತದೆಯಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು. ಒಬ್ಬರೇ ಹೋಗುವುದಕ್ಕಿಂತ ಟ್ರಾಲ್ ಬೋಟಿನವರ ಸಂಘದಿಂದ ಕೇಳಿದರೆ ಕೂರಿಸಿ ತೋರಿಸುವ ತಂಡವೂ ಬರಬಹುದು, ಮುಖ್ಯವಾದದ್ದು ಅದೇ. ಮೊದಲು ಪರೀಕ್ಷೆಗೆ ಅಂತ ಬಾಗಿಲಿನ ಹೊರಗೆ ಇನ್ನೊಂದು ಬಲೆಚೀಲ ಕಟ್ಟಿ ಎಳೆಯಲಿ. ಏನು ತಪ್ಪಿಸಿಕೊಳ್ಳುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಆಗ ನನ್ನ ಮಾತೂ ಬೇಡ, ಬಂದರಿನ ಗಾಳಿಸುದ್ದಿಯೂ ಬೇಡ.

ಟೆಡ್‌ನ ಹಿಂದೆ ಒಂದು ದೊಡ್ಡ ರಾಜಕೀಯ ಇದೆ, ತಮ್ಮನ ಸಿಟ್ಟಿಗೆ ಅದೂ ಕಾರಣ ಇರಬಹುದು. 1989ರಲ್ಲಿ ಅಮೆರಿಕ ಒಂದು ಕಾನೂನು ತಂದು, ಆಮೆ ಉಳಿಸುವ ಕ್ರಮ ಇಲ್ಲದ ದೇಶಗಳಿಂದ ಸಮುದ್ರದ ಸಿಗಡಿ ಕೊಳ್ಳುವುದಿಲ್ಲ ಅಂದಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 1998ರ ತೀರ್ಪು ‘ಆಮೆ ಉಳಿಸುವುದು ಸರಿ, ಕಾನೂನು ಜಾರಿ ಮಾಡಿದ ರೀತಿಯಲ್ಲಿ ತಾರತಮ್ಯ ಇದೆ’ ಅಂದಿತು. 2019ರಿಂದ ಭಾರತದ ಸಮುದ್ರ ಸಿಗಡಿಗೆ ಅಲ್ಲಿ ಬಾಗಿಲು ಮುಚ್ಚಿದೆ. ಕೆರೆಯಲ್ಲಿ ಸಾಕಿದ ಸಿಗಡಿಗೆ ಈ ನಿಷೇಧ ಇಲ್ಲ. ಬೆಲೆ ಬಿದ್ದದ್ದು ಬೋಟಿನವರಿಗೆ. ಇದನ್ನು ಸರಿ ಮಾಡಲು ಟೆಡ್ ಬೇಕು ಅನ್ನುವಾಗ ಅವರ ಕಿವಿಗೆ ಬೀಳುವುದು ‘ಅಮೆರಿಕಕ್ಕಾಗಿ ಬಲೆ ಬದಲಿಸು’ ಅಂತ. ನೆನಪಿಡಿ, ಟ್ರಾಲ್ ಬಲೆಯನ್ನು ಮೀನುಗಾರರು ತಾವಾಗಿ ತಂದದ್ದೂ ಅಲ್ಲ. 1952ರಲ್ಲಿ ಕೇರಳದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆಯಿಂದ ಹಿಡಿದು, ಯಂತ್ರದ ಬೋಟಿಗೆ ಸಾಲ, ಸಬ್ಸಿಡಿ ಕೊಟ್ಟು ಬೆಳೆಸಿದ್ದು ಸರ್ಕಾರಗಳೇ. ನಮ್ಮಲ್ಲಿ 1970ರ ದಶಕದಲ್ಲಿ ಪರ್ಸೀನ್ (ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ಯಂತ್ರದ ಬೋಟಿನ ಬಲೆ) ಬಂದಾಗ ರಂಪಣಿಯವರು, ಅಂದರೆ ದಡದಿಂದ ಕೈಯಲ್ಲಿ ದೊಡ್ಡ ಬಲೆ ಎಳೆಯುತ್ತಿದ್ದವರು, ಬೀದಿಗೆ ಬಿದ್ದರು. ನಿಮ್ಮ ಮನೆಯ ಹಿರಿಯರಿಗೆ ಅದು ನೆನಪಿದ್ದೀತು.

ಸಂರಕ್ಷಣೆ ಅಂದರೆ ಸಮುದ್ರ ಮುಚ್ಚುವುದು ಅನ್ನುವವರೂ ಇದ್ದಾರೆ. ಒಡಿಶಾದಲ್ಲಿ ಹಾಗೆ ಮಾಡಿದ್ದಾರೆ. ಗಹಿರ್ಮಾಥಾ 1997ರಲ್ಲಿ ಸಾಗರ ಅಭಯಾರಣ್ಯವಾಯಿತು. ಧಾಮ್ರಾ, ದೇವಿ, ರುಷಿಕುಲ್ಯಾ ನದಿಮುಖಗಳಲ್ಲಿ ನವೆಂಬರ್ 1ರಿಂದ ಮೇ 31ರವರೆಗೆ, ದಡದಿಂದ 20 ಕಿಲೋಮೀಟರ್‌ವರೆಗೆ ಮೀನುಗಾರಿಕೆಗೆ ನಿಷೇಧ. ಏಳು ತಿಂಗಳು! ಕುಟುಂಬಕ್ಕೆ ಪರಿಹಾರ ವರ್ಷಕ್ಕೆ ಕೆಲವು ಸಾವಿರ ರೂಪಾಯಿ. ಟ್ರಾಲರಿಗೆ ದೂರ ಹೋಗುವ ಶಕ್ತಿ ಇದೆ, ಸಣ್ಣ ದೋಣಿಗೆ ಇಲ್ಲ. ಆಮೆಗೆ ಕಡಿಮೆ ಅಪಾಯ ಮಾಡುವವರೇ ಹೆಚ್ಚು ಬೆಲೆ ತೆತ್ತರು, ದೋಣಿ ಜಪ್ತಿ, ಬಂಧನ ಎಲ್ಲ ಕಂಡರು. 2000ದ ದಶಕದಲ್ಲಿ ಅಲ್ಲಿನ ಸಣ್ಣ ಮೀನುಗಾರರ ಸಂಘಗಳೂ ಆಮೆ ಸಂರಕ್ಷಣೆಯವರೂ ಒಟ್ಟಿಗೆ ಕೂತು ಒಕ್ಕೂಟ ಕಟ್ಟಿಕೊಂಡರು. ದಡದ ಹತ್ತಿರ ಟ್ರಾಲರ್ ಬರಬಾರದು ಅನ್ನುವುದರಲ್ಲಿ ಇಬ್ಬರ ಲಾಭವೂ ಒಂದೇ ಅಂತ ಅವರಿಗೆ ಕಂಡಿತ್ತು. ರುಷಿಕುಲ್ಯಾದಲ್ಲಂತೂ ಅಭಯಾರಣ್ಯವೇ ಇಲ್ಲ, ಮೊಟ್ಟೆ ಕಾಯುವುದರಲ್ಲಿ ಮುಂದೆ ಇರುವವರು ಮೀನುಗಾರ ಹಳ್ಳಿಗಳ ಹುಡುಗರು.

ಕರ್ನಾಟಕಕ್ಕೆ ಏಳು ತಿಂಗಳ ಬಾಗಿಲು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಆಮೆ ರಾಶಿಯಾಗಿ ಬರುವುದಿಲ್ಲ. ಒಂದೊಂದಾಗಿ ಬಂದು ಅಲ್ಲಲ್ಲಿ ಗೂಡು ಮಾಡುತ್ತದೆ. ಹೊನ್ನಾವರದ ಕಾಸರಕೋಡು ಟೊಂಕಾ, ಕಾರವಾರದ ದೇವಬಾಗ, ಕುಂದಾಪುರ ತಾಲೂಕಿನ ಕೆಲವು ದಂಡೆಗಳು. 2024ರಲ್ಲಿ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿಯಲ್ಲೂ ಗೂಡು ಸಿಕ್ಕವು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಒಡೆಯಲು 45ರಿಂದ 60 ದಿನ. ಅಷ್ಟು ದಿನ ನಾಯಿಯಿಂದ, ಬೀಚಿನ ಲೈಟಿನಿಂದ, ತಡೆಗೋಡೆಯ ಕಲ್ಲಿನಿಂದ ಕಾಯಬೇಕು. ಮರಿಗಳು ಬೆಳಕಿನ ಕಡೆಗೆ ಓಡುತ್ತವೆ. ರೆಸಾರ್ಟಿನ ಲೈಟು ಉರಿಯುತ್ತಿದ್ದರೆ ಸಮುದ್ರ ಬಿಟ್ಟು ರಸ್ತೆಗೆ ಬರುತ್ತವೆ. ಕಾಸರಕೋಡು ಟೊಂಕಾದಲ್ಲಿ ಖಾಸಗಿ ಬಂದರಿನ ವಿರುದ್ಧ ನಿಂತ ಮೀನುಗಾರರು ಆಮೆಯ ಗೂಡುಗಳನ್ನೂ ತಮ್ಮ ವಾದದಲ್ಲಿ ಸೇರಿಸಿಕೊಂಡಿದ್ದಾರೆ. ಅಲ್ಲಿ ಆಮೆಯ ಪರ ವಾದಿಸುತ್ತಿರುವವರು ಮೀನುಗಾರರೇ. ಈ ಸುದ್ದಿಯನ್ನು ಮಗಳಿಗೆ ತೋರಿಸಿ.

ಇನ್ನು ಕಾನೂನು. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಆಕಸ್ಮಿಕವಾಗಿ ಬಲೆಗೆ ಬಿದ್ದದ್ದೂ ಬೇಕೆಂದೇ ಬೇಟೆಯಾಡಿದ್ದೂ ಒಂದೇ ಅಲ್ಲ. ಆದರೆ ಬಂದರಿನಲ್ಲಿ ಆ ವ್ಯತ್ಯಾಸ ಯಾರೂ ವಿವರಿಸಿ ಹೇಳುವುದಿಲ್ಲ. ಹೆದರಿ, ಮೇಲೆ ಬಂದ ಆಮೆಯನ್ನು ಕ್ಷಣದಲ್ಲಿ ನೀರಿಗೆ ಎಸೆದು ಬಾಯಿ ಮುಚ್ಚಿಕೊಳ್ಳುತ್ತಾರೆ. ಅಲ್ಲೇ ಎರಡನೇ ಸಾವು. ಬಲೆಯಲ್ಲಿ ಮೇಲೆ ಬಂದು ಅಲುಗಾಡದೆ ಬಿದ್ದ ಆಮೆ ಎಷ್ಟೋ ಸಲ ಸತ್ತಿರುವುದಿಲ್ಲ, ಪ್ರಜ್ಞೆ ತಪ್ಪಿರುತ್ತದೆ. ಹಾಗೇ ನೀರಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ಅದನ್ನು ಹೊಟ್ಟೆ ಕೆಳಗೆ ಮಾಡಿ ಮಲಗಿಸಿ, ಹಿಂಭಾಗವನ್ನು ಅರ್ಧ ಅಡಿಯಷ್ಟು ಎತ್ತರಿಸಿ, ನೆರಳಲ್ಲಿ ಇಡಬೇಕು. ಒದ್ದೆ ಗೋಣಿ ಹೊದಿಸಬಹುದು, ಮೂಗು ಮಾತ್ರ ಮುಚ್ಚಬಾರದು. ಕೆಲವು ಗಂಟೆಯಲ್ಲಿ ಕಾಲಾಡಿಸಲು ಶುರು ಮಾಡುತ್ತದೆ, ಕೆಲವಕ್ಕೆ ಇಡೀ ದಿನ ಬೇಕು. ಚೇತರಿಸಿಕೊಂಡ ಮೇಲೆ ಇಂಜಿನ್ ನ್ಯೂಟ್ರಲ್‌ನಲ್ಲಿಟ್ಟು, ಬಲೆ ನೀರಲ್ಲಿ ಇಲ್ಲದಾಗ, ಮೆಲ್ಲಗೆ ಬಿಡಬೇಕು. ಇದಕ್ಕೆ ಪೈಸೆ ಖರ್ಚಿಲ್ಲ. ತಮ್ಮನಿಗೆ ಬೇರೇನೂ ಹೇಳಲಾಗದಿದ್ದರೂ ಇದೊಂದು ಹೇಳಿ, ಬೋಟಿನ ಹುಡುಗರಿಗೂ ಹೇಳಿಸಿ.

ಬಾಕಿ ಬದಲಾವಣೆಗಳಿಗೆಲ್ಲ ಬೆಲೆ ಇದೆ. ಎಳೆತದ ಹೊತ್ತು ಕಡಿಮೆ ಮಾಡಿದರೆ ಆಮೆಗೆ ಲಾಭ. ಅಮೆರಿಕದಲ್ಲಿ ಟೆಡ್ ಬೇಡವೆಂದು ವಿನಾಯಿತಿ ಪಡೆದ ಬೋಟುಗಳಿಗೆ 55 ನಿಮಿಷ, ಚಳಿಗಾಲದಲ್ಲಿ 75 ನಿಮಿಷದ ಮಿತಿ. ನಮ್ಮಲ್ಲಿ ಹಾಗೆ ಮಾಡಿದರೆ ಬಲೆ ಎತ್ತುವ ಕೆಲಸ ಎರಡು ಮೂರು ಪಟ್ಟು, ಹುಡುಗರಿಗೆ ನಿದ್ದೆ ಇಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ದಡದ ಹತ್ತಿರ ಬಾರದಿದ್ದರೆ ಅದೂ ಲಾಭ. ಹೇಗೂ 1986ರ ಕರ್ನಾಟಕ ಕಾಯ್ದೆ ದಡದ ಪಕ್ಕದ ನೀರನ್ನು ನಾಡದೋಣಿಗಳಿಗೆ ಮೀಸಲಿಟ್ಟಿದೆ, ಪಾಲಿಸುವವರು ಎಷ್ಟು ಅಂತ ತಮ್ಮನಿಗೇ ಗೊತ್ತು. ನನ್ನ ಕೇಳಿದರೆ, ಹೊಸ ಕಾನೂನಿಗಿಂತ ಇದೇ ಮೊದಲು. ಮಹಾರಾಷ್ಟ್ರ 2018ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಬಲೆಗೆ ಸಿಕ್ಕ ಆಮೆ, ಡಾಲ್ಫಿನ್ ಬಿಡಿಸಲು ಬಲೆ ಕತ್ತರಿಸಿದವರಿಗೆ, ಫೋಟೊ ವಿಡಿಯೊ ತೋರಿಸಿದರೆ, 25 ಸಾವಿರ ರೂಪಾಯಿವರೆಗೆ ಪರಿಹಾರ. ಹೆದರಿಕೆ ಕಳೆದು ಲೆಕ್ಕ ಹೊರಬರುವುದು ಹೀಗೆ. ಮಲ್ಪೆ, ಗಂಗೊಳ್ಳಿ ಸಂಘದವರು ಇಂಥದ್ದನ್ನು ಸರ್ಕಾರದ ಮುಂದೆ ಇಡಬೇಕು.

ಬೋಟು ಮಾರುವ ಮಾತು ಬಿಟ್ಟುಬಿಡಿ. ಮಾರಿದರೆ ಕೊಂಡವನು ಅದೇ ಬಲೆ ಎಳೆಯುತ್ತಾನೆ, ಅಷ್ಟೇ. ಈಗಾದರೆ ನಿಮ್ಮ ಮಾತು ಕೇಳಬಹುದಾದ ತಮ್ಮನ ಬೋಟಾದರೂ ಇದೆ.

ಕೊನೆಗೆ ಊಟದ ತಟ್ಟೆ. ಚಿಕ್ಕಪ್ಪನ ಮೀನು ಬಿಟ್ಟು ಅಂಗಡಿಯ ಸಾಕಿದ ಸಿಗಡಿ ತಿಂದರೆ ಪಾಪ ಕಳೆಯಿತು ಅಂದುಕೊಳ್ಳುವುದು ಬೇಡ. ಸಾಕಿದ ಸಿಗಡಿಯ ಮೇವಿನಲ್ಲಿ ಮೀನಿನ ಪುಡಿ ಇರುತ್ತದೆ, ಅದಕ್ಕೆ ಬೂತಾಯಿಯೂ ಟ್ರಾಲ್ ಬಲೆಯ ಸಣ್ಣ ಮರಿಮೀನೂ ಹೋಗುತ್ತವೆ. ಆ ಕಾರ್ಖಾನೆಗಳು ನಮ್ಮ ಕರಾವಳಿಯಲ್ಲೇ ಇವೆ. ರಸೆಲ್ ಮಾರ್ಕೆಟ್ಟಿನಲ್ಲಿ ‘ಇದು ಯಾವ ಬಲೆಯದು’ ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ನಿಮಗೆ ಆ ಕಷ್ಟ ಇಲ್ಲ, ಫೋನು ಮಾಡಿ ಕೇಳಬಹುದು. ನಾಡದೋಣಿಯ ಬಂಗುಡೆ, ಕೈರಂಪಣಿಯ ಮೀನು ಸಿಕ್ಕಾಗ ಅದನ್ನೇ ತರಿಸಿ, ಆಮೆಗೆ ಅವುಗಳಿಂದ ಅಪಾಯ ಕಡಿಮೆ. ಆದರೆ ದೊಡ್ಡ ಕಣ್ಣಿನ ಕಂಟಬಲೆಯಲ್ಲಿ (ನೀರಲ್ಲಿ ಗೋಡೆಯ ಹಾಗೆ ಇಳಿಬಿಡುವ ಬಲೆ) ಆಮೆ ಸಿಕ್ಕಿಕೊಳ್ಳುತ್ತದೆ, ಸಣ್ಣ ದೋಣಿ ಅಂದ ಮಾತ್ರಕ್ಕೆ ನಿರಪರಾಧಿ ಅಲ್ಲ.

ಮಗಳಿಗೆ ನಿಜವಾಗಿ ಆಸೆ ಇದ್ದರೆ ಮುಂದಿನ ಜನವರಿಯಲ್ಲಿ ಚೆನ್ನೈ ಬದಲು ಗಂಗೊಳ್ಳಿಗೆ ಕಳಿಸಿ. ದಂಡೆಗೆ ಬಂದ ಸತ್ತ ಆಮೆಯ ಫೋಟೊ, ದಿನಾಂಕ, ಜಾಗ, ಚಿಪ್ಪಿನ ಅಂದಾಜು ಉದ್ದ, ಬಲೆಯ ಗುರುತು ಇದ್ದರೆ ಅದೂ ಬರೆದಿಡಲಿ. ಮುಟ್ಟುವುದು ಬೇಡ, ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು. ಚಿಕ್ಕಪ್ಪನ ಬೋಟಿನವರ ಹತ್ತಿರವೂ ಹೆಸರಿಲ್ಲದೆ ಕೇಳಿ ಬರೆದುಕೊಳ್ಳಲಿ: ಈ ತಿಂಗಳು ಎಷ್ಟು ಸಿಕ್ಕವು, ಎಷ್ಟು ಆಳದಲ್ಲಿ, ಎಷ್ಟು ಬದುಕಿದ್ದವು. ಮೀನುಗಾರಿಕೆ ಇಲಾಖೆಯ ಮುಂದೆ ಟೆಡ್ ಬೇಕೋ, ಎಲ್ಲಿ ಬೇಕೋ ಅಂತ ಮಾತಾಡುವಾಗ ಸಂಘದವರಿಗೆ ಬೇಕಾಗುವುದು ಆ ಪಟ್ಟಿಯೇ.